ಹಳೇ ಗೋಲ್‌ಕೀಪರ್ ಜೆರ್ಸಿ ಕೊಳ್ತೀರಾ? ಮೊದಲು ಒಳಮಗ್ಗುಲು ನೋಡಿ

1990ರ ವಿಶ್ವಕಪ್‌ನ ಪಶ್ಚಿಮ ಜರ್ಮನಿ ಗೋಲ್‌ಕೀಪರ್ ಜೆರ್ಸಿ ಅಂತ ಯಾರಾದರೂ ಆನ್‌ಲೈನ್‌ನಲ್ಲಿ ಮಾರುತ್ತಿದ್ದರೆ, ದುಡ್ಡು ಕಳಿಸುವ ಮುಂಚೆ ಇದನ್ನು ಓದಿ. ನನ್ನ ಕೈಗೆ ಬಂದದ್ದು ಪೂರ್ತಿ ನಕಲಿ ಅಲ್ಲ. ತೊಂದರೆ ಇರುವುದೇ ಅಲ್ಲಿ.

ಆ ತಂಡದ ಕೀಪರ್ ಬೋಡೊ ಇಲ್ಗ್ನರ್ ಯಾರು ಅಂತ ಆ ಕಾಲದ ಆಟ ನೋಡಿದವರಿಗೆ ಹೇಳಬೇಕಿಲ್ಲ. ಟ್ಯೂರಿನ್‌ನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಸ್ಟುವರ್ಟ್ ಪಿಯರ್ಸ್ ಹೊಡೆದ ಪೆನಾಲ್ಟಿಯನ್ನು ಕಾಲಲ್ಲಿ ತಡೆದವರು. ಆಮೇಲೆ ಜುಲೈ 8ರಂದು ರೋಮ್‌ನಲ್ಲಿ ಅರ್ಜೆಂಟೀನಾ ವಿರುದ್ಧ 1-0. ವಿಶ್ವಕಪ್ ಫೈನಲ್ ಒಂದರಲ್ಲಿ ಗೋಲು ಬಿಟ್ಟುಕೊಡದ ಮೊದಲ ಕೀಪರ್ ಅವರೇ. ಹಾಗಾಗಿ ಆ ಜೆರ್ಸಿಗೆ ಬೇಡಿಕೆ ಇದೆ, ಬೆಲೆಯೂ ಜಾಸ್ತಿ.

ಮಾರುವವನು ಬರೆದಿದ್ದು ‘ಮ್ಯಾಚ್ ಇಶ್ಯೂಡ್’ ಅಂತ. ಅಂದರೆ ಆಟದಲ್ಲಿ ತೊಡದಿದ್ದರೂ ತಂಡಕ್ಕಾಗಿಯೇ ತಯಾರಾದದ್ದು. ‘ಮ್ಯಾಚ್ ವೋರ್ನ್’ ಅಂದಿದ್ದರೆ ಹಳೇ ಫೋಟೋ ಇಟ್ಟುಕೊಂಡು ತಾಳೆ ನೋಡಬಹುದಿತ್ತು. ಇಶ್ಯೂಡ್ ಅಂದರೆ ಯಾವ ಫೋಟೋಗೂ ಹೊಂದಬೇಕಾಗಿಲ್ಲ, ಅಲ್ವಾ? ಜಾಣ ಮಾತು. ಫೋಟೋಗಳೂ ಚೆನ್ನಾಗಿದ್ದವು. ಎದೆಯ ಮೇಲೆ ಅಡಿಡಾಸ್‌ನ ಮೂರೆಲೆ ಗುರುತು, ಜರ್ಮನ್ ಫುಟ್‌ಬಾಲ್ ಸಂಸ್ಥೆಯ ಲಾಂಛನ, ಬೆನ್ನಲ್ಲಿ 1, ಕುತ್ತಿಗೆಯ ಹಿಂದೆ ‘ಮೇಡ್ ಇನ್ ವೆಸ್ಟ್ ಜರ್ಮನಿ’ ಲೇಬಲ್. ಲೇಬಲ್ ಅಸಲಿ. ಬಟ್ಟೆಯೂ ಆ ಕಾಲದ್ದೇ.

ಹಾಗಾದರೆ ಮೋಸ ಎಲ್ಲಿ? ಆ ಕಾಲದಲ್ಲಿ ಕಂಪನಿಗಳು ಒಂದೇ ಮಾದರಿಯ ಕೀಪರ್ ಜೆರ್ಸಿಯನ್ನು ಎಷ್ಟೋ ತಂಡಗಳಿಗೆ ಕೊಡುತ್ತಿದ್ದವು. ಅದೇ ಜೆರ್ಸಿ ಲಾಂಛನವಿಲ್ಲದೆ ಅಂಗಡಿಯಲ್ಲೂ ಸಿಗುತ್ತಿತ್ತು. ಊರ ತಂಡದ ಹುಡುಗರೂ ಅದನ್ನೇ ಹಾಕಿಕೊಂಡು ಆಡುತ್ತಿದ್ದರು. ಅಂಥ ಸಾದಾ ಹಳೇ ಜೆರ್ಸಿ ಕಡಿಮೆ ಬೆಲೆಗೆ ಸಿಗುತ್ತದೆ. ಅದಕ್ಕೊಂದು ಲಾಂಛನ ಹೊಲಿದು, ಒಂದು ಅಂಕಿ ಅಂಟಿಸಿದರೆ ವಿಶ್ವಕಪ್ ಜೆರ್ಸಿ ರೆಡಿ. ಕೀಪರ್ ಅಲ್ಲದ ಆಟಗಾರರ ಜೆರ್ಸಿಯಲ್ಲಿ ಈ ಆಟ ನಡೆಯುವುದಿಲ್ಲ. ಎದೆಯ ಮೇಲೆ ಕಪ್ಪು, ಕೆಂಪು, ಹೊಂಬಣ್ಣದ ಅಂಕುಡೊಂಕು ಪಟ್ಟಿ ಇದ್ದ ಆ ಬಿಳಿ ಜೆರ್ಸಿ ಎಲ್ಲರಿಗೂ ನೆನಪಿದೆ. ಕೀಪರ್ ಏನು ಹಾಕಿದ್ದ ಅಂತ ಎಷ್ಟು ಜನಕ್ಕೆ ಗೊತ್ತು?

ಪಾರ್ಸೆಲ್ ಬಂದ ಮೇಲೆ ಜೆರ್ಸಿಯನ್ನು ಒಳಮಗ್ಗುಲು ತಿರುಗಿಸಿದೆ. ಲಾಂಛನದ ಹಿಂದೆ ಬೆಳ್ಳಗೆ ಹೊಳೆಯುವ ಹೊಸ ದಾರ. ಅದೇ ಜೆರ್ಸಿಯ ಕಂಕುಳ ಹೊಲಿಗೆಯ ದಾರ ಹಳದಿಗೆ ತಿರುಗಿ ಮಂಕಾಗಿತ್ತು. ಲಾಂಛನದ ಅಂಚನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡಿದರೆ ಕೆಳಗೆ ಇನ್ನೊಂದು ಸಾಲು ಸೂಜಿತೂತು, ಬೇರೆ ಆಕಾರದ್ದು. ಅಲ್ಲಿ ಮೊದಲು ಯಾವುದೋ ಕ್ಲಬ್ಬಿನ ಬ್ಯಾಡ್ಜ್ ಇತ್ತು. ಅದು ಮುಚ್ಚಿದ್ದ ಜಾಗದಲ್ಲಿ ಬಟ್ಟೆಯ ಬಣ್ಣ ಗಾಢವಾಗಿ ಉಳಿದಿತ್ತು, ಸುತ್ತ ಮಾಸಿತ್ತು. ಬೆನ್ನ ಮೇಲಿನ 1ರಲ್ಲಿ ಒಂದು ಬಿರುಕೂ ಇಲ್ಲ. ಮೊಣಕೈಯ ದಪ್ಪ ಪ್ಯಾಡ್ ಮಾತ್ರ ಸವೆದು ಜಜ್ಜಿಹೋಗಿತ್ತು. ಹಾಕಿಕೊಂಡವನು ಎಷ್ಟೋ ಸೀಸನ್ ಬಿದ್ದು ಎದ್ದು ಆಡಿರಬೇಕು, ಪಾಪ. ತೊಡದೇ ಉಳಿದ ಜೆರ್ಸಿಯ ಲಕ್ಷಣ ಅದಲ್ಲ.

ಜೊತೆಗೆ ಹೊಲೋಗ್ರಾಮ್ ಅಂಟಿಸಿದ ಸರ್ಟಿಫಿಕೇಟ್ ಬೇರೆ. ಕೆಳಗಿದ್ದ ಇಮೇಲ್ ವಿಳಾಸ ಮಾರಿದವನದ್ದೇ! ತನ್ನ ಮಾಲಿಗೆ ತಾನೇ ಸಾಕ್ಷಿ.

ಕೇಳಿದ್ದಕ್ಕೆ, ಪಂದ್ಯದ ಮುಂಚೆ ಲಾಂಛನ ಬದಲಾಯಿಸುವುದು ಮಾಮೂಲು ಅಂದ. ನಾನು ದೂರು ಕೊಟ್ಟ ಮೇಲೆ, ಅರ್ಧ ದುಡ್ಡು ವಾಪಸ್ ಕೊಡ್ತೀನಿ, ದೂರು ಹಿಂದಕ್ಕೆ ತಗೊಳ್ಳಿ ಅಂದ. ಇಂಥ ಮಾತಿಗೆ ಒಪ್ಪಬೇಡಿ. ದೂರು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ. ಆನ್‌ಲೈನ್‌ನಲ್ಲಿ ಹಣ ಕಳಿಸುವ ಪೇಪಾಲ್‌ನಲ್ಲಿ ‘ಫ್ರೆಂಡ್ಸ್ ಅಂಡ್ ಫ್ಯಾಮಿಲಿ’ ಎಂದು ಕಳಿಸಿ, ಫೀಸ್ ಉಳಿಯುತ್ತೆ ಅಂತ ಮೊದಲೇ ಒತ್ತಾಯ ಮಾಡಿದ್ದ. ಹಾಗೆ ಕಳಿಸಿದ ದುಡ್ಡಿಗೆ ಕೊಳ್ಳುವವರ ರಕ್ಷಣೆ ಅನ್ವಯಿಸುವುದಿಲ್ಲ. ನಾನು ಖರೀದಿ ಎಂದೇ ಕಳಿಸಿದ್ದರಿಂದ, ಒಳಮಗ್ಗುಲಿನ ಫೋಟೋ ಇಟ್ಟು ಜಗಳಾಡಿ ಪೂರ್ತಿ ವಾಪಸ್ ಪಡೆದೆ. ಕಳಿಸುವ ಅಂಚೆ ಖರ್ಚು ಮಾತ್ರ ನನ್ನ ತಲೆಗೆ ಬಂತು.

ಅವನ ಬೇರೆ ಜಾಹೀರಾತುಗಳನ್ನೂ ನೋಡಿದೆ. ಒಂದು 1990ರ ಜೆರ್ಸಿಯ ಬೆನ್ನ ಮೇಲೆ ಆಟಗಾರನ ಹೆಸರಿತ್ತು. ವಿಶ್ವಕಪ್‌ನಲ್ಲಿ ಬೆನ್ನ ಮೇಲೆ ಹೆಸರು ಬಂದದ್ದೇ 1994ರಲ್ಲಿ. ಇನ್ನೊಂದರ ಲಾಂಛನದ ಮೇಲೆ ಮೂರು ನಕ್ಷತ್ರ, ಅಂದರೆ ಗೆದ್ದ ಒಂದೊಂದು ವಿಶ್ವಕಪ್‌ಗೆ ಒಂದು. ಜರ್ಮನಿ ಮೂರನೇ ಕಪ್ ಗೆದ್ದದ್ದೇ ಆ ಫೈನಲ್‌ನಲ್ಲಿ, ಹಾಕಿಕೊಂಡು ಇಳಿದ ಜೆರ್ಸಿಗೆ ಮೂರನೇ ನಕ್ಷತ್ರ ಎಲ್ಲಿಂದ ಬಂತು? 1994ರದ್ದು ಅಂತ ಮೂರೆಲೆ ಗುರುತಿನ ಜೆರ್ಸಿಯೂ ಒಂದಿತ್ತು. ಅಷ್ಟು ಹೊತ್ತಿಗೆ ಅಡಿಡಾಸ್ ತಂಡದ ಜೆರ್ಸಿಗಳಲ್ಲಿ ಆ ಗುರುತನ್ನು ಬಿಟ್ಟಾಗಿತ್ತು.

ಯುವಿ ಲೈಟ್ ಹಿಡಿದು ನೋಡಿ, ಹೊಳೆದರೆ ನಕಲಿ ಅಂತ ಕೆಲವರು ಹೇಳುತ್ತಾರೆ. 90ರ ದಶಕದ ಜೆರ್ಸಿಗೆ ಅದು ಸುಮ್ನೆ ಕಾಲಹರಣ. ಬಟ್ಟೆ ಬೆಳ್ಳಗೆ ಕಾಣುವಂತೆ ಮಾಡುವ, ಆ ಬೆಳಕಿಗೆ ಹೊಳೆಯುವ ರಾಸಾಯನಿಕಗಳು ಅದಕ್ಕೂ ಎಷ್ಟೋ ಮುಂಚೆಯೇ ಬಳಕೆಯಲ್ಲಿದ್ದವು. ಸಾಬೂನಿನ ಪುಡಿಯಲ್ಲೂ ಇರುತ್ತವೆ. ಅದರ ಬದಲು ಲಾಂಛನದ ಹಿಂಬದಿಯ ಫೋಟೋ ಕೇಳಿ, ಪಕ್ಕದಲ್ಲಿ ಅವತ್ತಿನ ತಾರೀಖು ಬರೆದ ಚೀಟಿ ಇಟ್ಟು ತೆಗೆಸಿ. ಇಲ್ಲದ ನೆಪ ಹೇಳಿದರೆ ಅಲ್ಲಿಗೇ ಬಿಡಿ.

ನಾನು ವಾಪಸ್ ಕಳಿಸಿದ ಜೆರ್ಸಿ ಈಗ ಬೇರೆ ಖಾತೆಯಿಂದ ಮತ್ತೆ ಮಾರಾಟಕ್ಕೆ ಬಂದಿದೆ, ಈ ಸಲ ‘ಮ್ಯಾಚ್ ವೋರ್ನ್’ ಅಂತ. ಎಡ ಮುಂಗೈ ಪಟ್ಟಿಯಲ್ಲಿ ಒಂದು ಎಳೆ ಕಿತ್ತು ಸಣ್ಣ ಕುಣಿಕೆಯಾಗಿದೆ. ಫೋಟೋ ದೊಡ್ಡದು ಮಾಡಿದರೆ ಕಾಣುತ್ತದೆ.