ಕಂಪಾಲಾ, ಕಿಗಾಲಿ: ಎರಡೂ ಕಡೆ ಸಂಸಾರ ಮಾಡಿದ ಮೇಲೆ

ಉಗಾಂಡದ ಕಂಪಾಲಾದಲ್ಲಿ ನಾವು ಮೂರೂವರೆ ವರ್ಷ ಇದ್ದೆವು. 2022ರಲ್ಲಿ ನಮ್ಮ ಮನೆಯವರಿಗೆ ರುವಾಂಡಾದ ಕಿಗಾಲಿಗೆ ವರ್ಗವಾಯಿತು. ಅಲ್ಲಿ ಎರಡು ವರ್ಷ ಕಳೆದು ಈಗ ಮತ್ತೆ ಕಂಪಾಲಾಕ್ಕೆ ಬಂದಿದ್ದೇವೆ. "ಅಂಥ ಚೆಂದದ ಊರು ಬಿಟ್ಟು ಈ ಧೂಳಿಗೆ ಯಾಕೆ ಬಂದ್ರಿ?" ಅಂತ ಇಲ್ಲಿನ ಕನ್ನಡದವರೇ ಕೇಳುತ್ತಾರೆ. ನನಗಂತೂ ಬಂದದ್ದು ತುಂಬಾ ಖುಷಿ.

ಮೊದಲು ಕಾರಿನ ಕಥೆ ಹೇಳಿಬಿಡುತ್ತೇನೆ. ಯಾಕಂದರೆ ನಮ್ಮ ಉಳಿತಾಯಕ್ಕೆ ಪೆಟ್ಟು ಬಿದ್ದದ್ದು ಅದರಿಂದಲೇ. ಉಗಾಂಡದಲ್ಲಿ ನಮ್ಮ ದೇಶದ ಹಾಗೆ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಾರೆ, ರುವಾಂಡಾದಲ್ಲಿ ಬಲಗಡೆ. ಇಷ್ಟು ಗೊತ್ತಿತ್ತು. ಸ್ಟೇರಿಂಗ್ ಬಲಕ್ಕಿರುವ ಕಾರನ್ನು ಅಲ್ಲಿ ನೋಂದಣಿಯೇ ಮಾಡುವುದಿಲ್ಲ ಅನ್ನುವುದು ಗೊತ್ತಿರಲಿಲ್ಲ. ಕಂಪಾಲಾದ ಕಾರುಗಳಲ್ಲಿ ಜಾಸ್ತಿ ಪಾಲು ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಗಾಡಿಗಳು. ಅವುಗಳ ಸ್ಟೇರಿಂಗ್ ಬಲಕ್ಕೇ ಇರುತ್ತದೆ. ನಮ್ಮ ಟೊಯೊಟಾ ಕೂಡ ಅಂಥದ್ದೇ. ವರ್ಗವಾಗುವುದಕ್ಕೆ ಎಂಟು ತಿಂಗಳು ಮೊದಲಷ್ಟೇ ಕೊಂಡಿದ್ದೆವು.

ಸಾಮಾನು ತುಂಬಿಕೊಂಡು ಅದರಲ್ಲೇ ಹೊರಟೆವು. ಮಸಾಕಾ, ಎಂಬರಾರಾ, ಕಬಾಲೆ ದಾಟಿ ಕಿಗಾಲಿಗೆ ಸುಮಾರು 500 ಕಿಲೋಮೀಟರ್. ಕಟುನಾದ ಗಡಿ ದಾಟಿದ ಕೂಡಲೇ ಬಲಗಡೆಗೆ ಬಂದೆವು. ಅಲ್ಲಿಂದ ಬರೀ ಗುಡ್ಡ, ತಿರುವು. ಮುಂದೆ ಲಾರಿ ಹೋಗುತ್ತಿದ್ದರೆ ಡ್ರೈವರ್ ಸೀಟಿನಲ್ಲಿ ಕೂತವರಿಗೆ ಎದುರಿನಿಂದ ಬರುವ ಗಾಡಿ ಕಾಣುವುದೇ ಇಲ್ಲ. ಎಡಗಡೆ ಕೂತಿದ್ದ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ "ಹೋಗಿ" ಅಥವಾ "ಬೇಡ, ಬೇಡ" ಅನ್ನಬೇಕು. ಹಿಂದಿನ ಸೀಟಿನಲ್ಲಿ ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಕಿಗಾಲಿ ಮುಟ್ಟುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತ್ತು.

ಗಡಿಯಲ್ಲಿ ಕೊಟ್ಟ ಕಾಗದ ಕೆಲವೇ ದಿನಗಳ ಮಟ್ಟಿಗೆ. ಆಮೇಲೆ ಕಾರನ್ನು ವಾಪಸ್ ಒಯ್ಯಲೇಬೇಕಿತ್ತು. ನಮ್ಮ ಮನೆಯವರು ರಜೆ ಹಾಕಿ ಕಂಪಾಲಾಕ್ಕೆ ಓಡಿಸಿಕೊಂಡು ಹೋದರು. ಅವಸರದಲ್ಲಿದ್ದವರಿಗೆ ಒಳ್ಳೆ ಬೆಲೆ ಯಾರು ಕೊಡುತ್ತಾರೆ? ಕೊಂಡ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಮೇಲೆ ಸಿಕ್ಕಿತು. ಕಿಗಾಲಿಯಲ್ಲಿ ಅಂಥದ್ದೇ ಎಡ ಸ್ಟೇರಿಂಗಿನ ಕಾರು ವಿಚಾರಿಸಿದರೆ ನಮ್ಮ ಕೈಗೆಟುಕಲಿಲ್ಲ. ಎರಡು ವರ್ಷ ಕಾರಿಲ್ಲದೆಯೇ ಕಳೆದೆವು. ಈ ಎರಡು ದೇಶಗಳ ಮಧ್ಯೆ ಓಡಾಡುವ ಕೆಲಸ ಯಾರಿಗಾದರೂ ಇದ್ದರೆ, ದಯವಿಟ್ಟು ಕಾರು ಕೊಳ್ಳುವ ಮೊದಲು ಇದನ್ನು ಯೋಚಿಸಿ.

ಹಾಗಂತ ಕಿಗಾಲಿಯನ್ನು ಹಳಿಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ನಾನೊಬ್ಬಳೇ ಅಂಗಡಿಗೆ ನಡೆದು ಹೋಗಿ ಬರುತ್ತಿದ್ದೆ. ಕಂಪಾಲಾದಲ್ಲಿ ಆ ಧೈರ್ಯ ನನಗಿಲ್ಲ, ಇಲ್ಲಿ ಜಾಮ್‌ನಲ್ಲಿ ನಿಂತಾಗಲೇ ಕಿಟಕಿಯಿಂದ ನನ್ನ ಫೋನ್ ಕಿತ್ತುಕೊಂಡು ಓಡಿದ್ದರು. ಅಲ್ಲಿ ಬೈಕ್ ಟ್ಯಾಕ್ಸಿಯವರು ಹಿಂದೆ ಕೂರುವವರಿಗೂ ಹೆಲ್ಮೆಟ್ ಕೊಡುತ್ತಾರೆ, ಒಬ್ಬರನ್ನೇ ಕೂರಿಸುತ್ತಾರೆ. ಇಲ್ಲಿ ಬೈಕ್ ಟ್ಯಾಕ್ಸಿಗೆ ಬೋಡಾ ಅನ್ನುತ್ತಾರೆ, ಅದರಲ್ಲಿ ಮೂವರು ಕೂತದ್ದನ್ನೂ ನೋಡಿದ್ದೇನೆ. ಪ್ಲಾಸ್ಟಿಕ್ ಚೀಲವನ್ನು ರುವಾಂಡಾ 2008ರಲ್ಲೇ ನಿಷೇಧಿಸಿದೆ.

ತಿಂಗಳ ಕೊನೆಯ ಶನಿವಾರ ಬೆಳಗ್ಗೆ ಅಲ್ಲಿ ಉಮುಗಾಂಡ. ಎಂಟರಿಂದ ಹನ್ನೊಂದರವರೆಗೆ ಬೀದಿಯವರೆಲ್ಲ ಸೇರಿ ಊರಿನ ಕೆಲಸ ಮಾಡುತ್ತಾರೆ. ನಾವೂ ಗುದ್ದಲಿ ಹಿಡಿದು ಚರಂಡಿಯ ಹೂಳು ತೆಗೆದೆವು. ಪಕ್ಕದ ಮನೆಯವರ ಪರಿಚಯವಾದದ್ದೇ ಅಲ್ಲಿ. ಆ ಶನಿವಾರಗಳು ಈಗಲೂ ನೆನಪಾಗುತ್ತವೆ.

ಹವೆ ಎರಡೂ ಕಡೆ ಸೊಗಸು. ಫ್ಯಾನ್ ಬೇಕಾಗುವುದೇ ಅಪರೂಪ. ಕರೆಂಟ್ ಹೋಗುವುದು ಕಂಪಾಲಾದಲ್ಲೇ ಜಾಸ್ತಿ.

ಖರ್ಚಿನಲ್ಲಿ ಮಾತ್ರ ಕಂಪಾಲಾವೇ ನಮ್ಮಂಥವರಿಗೆ ಸರಿ. ಇಲ್ಲಿ 500 ಡಾಲರ್ ಬಾಡಿಗೆಗೆ ಸಿಕ್ಕ ಮೂರು ಕೋಣೆಯ ಮನೆಗೆ ಅಲ್ಲಿ 800 ಕೊಟ್ಟೆವು. ಕರಿಬೇವು, ಬೆಂಡೆಕಾಯಿ, ಹಸಿಮೆಣಸು ನಕಸೇರೊ ಮಾರ್ಕೆಟ್‌ನಲ್ಲಿ ದಿನವೂ ತಾಜಾ. ರಸ್ತೆ ಬದಿಯಲ್ಲಿ ಹಲಸಿನ ಹಣ್ಣನ್ನು ಹೋಳು ಮಾಡಿ ಮಾರುತ್ತಾರೆ, ಇಲ್ಲಿ ಅದಕ್ಕೆ ಫೆನೆ ಅನ್ನುತ್ತಾರೆ. ಭಾಷೆಯದ್ದೂ ಇದೆ. ಇಲ್ಲಿ ಇಂಗ್ಲಿಷ್‌ನಲ್ಲಿ ಚೌಕಾಸಿ ಮಾಡಬಹುದು. ಕಿಗಾಲಿಯ ಸಂತೆಯಲ್ಲಿ ಕಿನ್ಯರ್ವಾಂಡ ಬೇಕು, ವಯಸ್ಸಾದವರ ಹತ್ತಿರ ಫ್ರೆಂಚ್. ಎರಡು ವರ್ಷದಲ್ಲಿ ನಾನು "ಮುರಾಕೋಜೆ" ಅಂತ ಧನ್ಯವಾದ ಹೇಳಿ, ಲೆಕ್ಕದ ಅಂಕಿ ಕಲಿಯುವಷ್ಟಕ್ಕೇ ನಿಂತೆ.

ಎಲ್ಲಕ್ಕಿಂತ ದೊಡ್ಡದು ರಾಗಿ. ನಮ್ಮ ಮನೆಯಲ್ಲಿ ಮುದ್ದೆ ಇಲ್ಲದ ದಿನವಿಲ್ಲ. ಈ ಪೂರ್ವ ಆಫ್ರಿಕಾದ ಎತ್ತರದ ನಾಡೇ ರಾಗಿಯ ತವರು, ಸಾವಿರಾರು ವರ್ಷಗಳ ಹಿಂದೆ ಇಲ್ಲಿಂದಲೇ ನಮ್ಮ ಕಡೆಗೆ ಬಂದದ್ದು. ಉಗಾಂಡದವರು ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸಿ, ಕುದಿಯುವ ನೀರಿನಲ್ಲಿ ತಿರುವಿ 'ಕಾಲೊ' ಮಾಡುತ್ತಾರೆ. ಮುಚ್ಚಳದ ಸಣ್ಣ ಬುಟ್ಟಿಯಲ್ಲಿಟ್ಟು ತರುತ್ತಾರೆ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಕಡಲೆಕಾಯಿ ಸಾರಿನಲ್ಲಿ ಅದ್ದಿ ತಿನ್ನಬೇಕು. ಮೊದಲ ಸಲ ಆ ಮುಚ್ಚಳ ತೆಗೆದಾಗ ಬಂದ ಘಮಕ್ಕೆ ನನಗೆ ಮಂಡ್ಯದ ಅಡುಗೆಮನೆ ನೆನಪಾಗಿ ಕಣ್ಣು ತುಂಬಿತ್ತು. ಕಿಗಾಲಿಯಲ್ಲಿ ನಮ್ಮ ಮನೆ ಹತ್ತಿರದ ಅಂಗಡಿಗಳಲ್ಲಿ ಮುಸುಕಿನ ಜೋಳ, ಸೋಯಾ ಬೆರೆಸಿದ ಗಂಜಿ ಹಿಟ್ಟೇ ಜಾಸ್ತಿ. ಬರೀ ರಾಗಿ ಹುಡುಕಿಕೊಂಡು ಎರಡು ಬಸ್ ಬದಲಿಸಬೇಕಿತ್ತು.

ಸಂಬಳ ಚೆನ್ನಾಗಿದ್ದು, ಕಂಪನಿಯೇ ಮನೆ ಕೊಡುವುದಾದರೆ, ಮಕ್ಕಳು ಚಿಕ್ಕವರಿದ್ದರೆ ಕಿಗಾಲಿಗೆ ಹೋಗಿ. ಒಬ್ಬರ ದುಡಿಮೆಯಲ್ಲಿ ಊರಿಗೂ ದುಡ್ಡು ಕಳಿಸಬೇಕು, ದಿನಾ ಮನೆ ಅಡುಗೆಯೇ ಆಗಬೇಕು ಅನ್ನುವ ನಮ್ಮಂಥವರಿಗೆ ಕಂಪಾಲಾ.

ವಾಪಸ್ ಬಂದ ವಾರ ನಕಸೇರೊಗೆ ಹೋದೆ. ಹಿಟ್ಟು ಮಾರುವ ಹೆಂಗಸು ದೂರದಿಂದಲೇ ಗುರುತು ಹಿಡಿದು "ನ್ಯಾಬೊ, ಯೂ ಆರ್ ಲಾಸ್ಟ್!" ಅಂತ ಕೂಗಿದಳು. ನ್ಯಾಬೊ ಅಂದರೆ ಅಮ್ಮಾ. ತುಂಬಾ ದಿನ ಕಾಣದವರಿಗೆ ಇಲ್ಲಿ ಹಾಗೇ, "ಕಳೆದೇ ಹೋಗಿದ್ದೀರಿ" ಅಂತ ಹೇಳುವುದು. ಎರಡು ಕಿಲೋ ತೂಗಿದ ಮೇಲೆ ಇನ್ನೊಂದು ಬೊಗಸೆ ರಾಗಿ ಹಿಟ್ಟು ಮೇಲೆ ಹಾಕಿದಳು.