ಕಾರವಾರದಲ್ಲಿ ಎರಡು ವರ್ಷದ ಬರಿಸ್ಟಾ ಕೆಲಸ: ಐದಕ್ಕೆ ಮೂರೂವರೆ

ಕಾರವಾರದ ಒಂದು ಕಾಫಿ ಶಾಪಿನಲ್ಲಿ ಎರಡು ವರ್ಷ, ಅಂದರೆ ಎರಡು ಮಳೆಗಾಲ, ಬರಿಸ್ಟಾ (ಮಷಿನ್‌ನಲ್ಲಿ ಕಾಫಿ ಮಾಡಿಕೊಡುವವಳು) ಆಗಿದ್ದೆ. ಮಳೆಗಾಲದ ಲೆಕ್ಕ ಹೇಳಿದ್ದು ಸುಮ್ನೆ ಅಲ್ಲ. ನಮ್ಮ ಕಡೆ ಈ ಕೆಲಸ ಹೇಗಿರುತ್ತದೆ ಅನ್ನುವುದು ಮಳೆ ಹಿಡಿದ ಮೇಲೇ ಗೊತ್ತಾಗುವುದು.

ಮಷಿನ್ ಕಲಿಯುವುದು ಹದಿನೈದು ದಿನದ ಮಾತು. 18 ಗ್ರಾಂ ಪುಡಿ ಹಾಕಿ, ಸಮನಾಗಿ ಒತ್ತಿ, 25ರಿಂದ 30 ಸೆಕೆಂಡಿನಲ್ಲಿ 36 ಗ್ರಾಂ ಎಸ್‌ಪ್ರೆಸೊ, ಅಂದರೆ ಗಟ್ಟಿ ಕಾಫಿ, ಇಳಿಸಬೇಕು. ಹೀಗೆ ಒಂದು ಸಲ ಇಳಿಸಿದ್ದು ಒಂದು ಶಾಟ್. ಏಪ್ರಿಲ್‌ನಲ್ಲಿ ಸೇರಿದವಳಿಗೆ ಮೇ ಮುಗಿಯುವಷ್ಟರಲ್ಲಿ ಕೈ ಕೂತಿತ್ತು. ಜೂನ್‌ನಲ್ಲಿ ಎಲ್ಲ ಕೆಟ್ಟಿತು. ಅದೇ ಬೀಜ, ಅದೇ ತೂಕ. ಆದರೆ ಕಾಫಿ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು, ಬಾಯಿಗಿಟ್ಟರೆ ಬರೀ ಕಹಿ. ದಿನಕ್ಕೆ ಏಳೆಂಟು ಶಾಟ್ ಸಿಂಕಿಗೆ ಸುರಿದಿದ್ದೇನೆ. ಡಬ್ಬಿ ಮುಚ್ಚದ ಹಪ್ಪಳ ಮೆತ್ತಗಾಗುತ್ತದಲ್ಲ, ಹಾಗೇ ಕಾಫಿಪುಡಿಯೂ ಪಸೆ ಹಿಡಿದು ಗಂಟು ಕಟ್ಟುತ್ತದೆ. ನೀರು ಸಲೀಸಾಗಿ ಇಳಿಯುವುದಿಲ್ಲ. ಗ್ರೈಂಡರನ್ನು ಒಂದು ಗೆರೆ ತರಿ ಮಾಡಬೇಕು. ಮಧ್ಯಾಹ್ನ ಬಿಸಿಲು ಬಿತ್ತೋ, ಮತ್ತೆ ಹಿಂದಕ್ಕೆ. ಹಾಪರ್ (ಗ್ರೈಂಡರ್ ಮೇಲಿನ ಬೀಜದ ಡಬ್ಬ) ತುಂಬಾ ಬೀಜ ಸುರಿದಿಡುವುದನ್ನೂ ಬಿಟ್ಟೆ, ಸ್ವಲ್ಪ ಸ್ವಲ್ಪವೇ ಹಾಕುತ್ತಿದ್ದೆ. ಎರಡನೇ ಮಳೆಗಾಲದಲ್ಲಿ ಬೆಳಿಗ್ಗೆ ಶಟರ್ ಎತ್ತಿದಾಗ ಮುಖಕ್ಕೆ ತಾಗುವ ಗಾಳಿಯಲ್ಲೇ ಅಂದಾಜು ಸಿಗುತ್ತಿತ್ತು. ನನ್ನ ಮೂರೂವರೆ ಅಂಕದಲ್ಲಿ ಎರಡು ಇದಕ್ಕೇ.

ಹಾಲಿನ ಕಥೆ ಬೇರೆ. 60ರಿಂದ 65 ಡಿಗ್ರಿಗೆ ನಿಲ್ಲಿಸಿದರೆ ಹಾಲು ಸಿಹಿ, 70 ದಾಟಿದರೆ ಬೆಂದ ವಾಸನೆ. ನಮ್ಮವರಿಗೆ ಅದು ಬಿಸಿಯೇ ಅಲ್ಲ! ಉಕ್ಕಿದ ಹಾಲಿನ ಕಾಫಿ, ಸುಡುಸುಡು ಕಷಾಯ ಕುಡಿದು ಬೆಳೆದವರು. ಕ್ಯಾಪುಚಿನೊ ವಾಪಸ್ ಬರುತ್ತಿತ್ತು. ಮೊದಮೊದಲು ವಾದ ಮಾಡಿದೆ. ಆಮೇಲೆ ಕಪ್ಪನ್ನೇ ಕುದಿನೀರಿನಲ್ಲಿ ಕಾಯಿಸಿ ಕೊಡತೊಡಗಿದೆ, ಅರ್ಧ ದೂರು ನಿಂತಿತು. ‘ಚಾ ಆಸಾ?’ (ಚಹಾ ಇದೆಯಾ?) ಎಂದು ಕೊಂಕಣಿಯಲ್ಲಿ ಕೇಳಿ, ಇಲ್ಲ ಅಂದ ಕೂಡಲೇ ಎದ್ದು ಹೋದವರ ಲೆಕ್ಕ ಇಟ್ಟಿಲ್ಲ.

ಇನ್ನು ಕಳೆದುಕೊಂಡ ಒಂದೂವರೆ ಅಂಕ. ಶನಿವಾರ, ಭಾನುವಾರ ಗೋವಾಕ್ಕೆ ಹೋಗುವ ಕಾರುಗಳು ಹೆದ್ದಾರಿ 66 ಬಿಟ್ಟು ಒಂದೇ ಸಲ ಬಂದು ನಿಲ್ಲುತ್ತವೆ. ಹತ್ತು ಗಂಟೆ ನಿಂತೇ ಇರಬೇಕು. ಪುಡಿ ಒತ್ತಿ ಒತ್ತಿ ಬಲ ಮಣಿಕಟ್ಟು ಈಗಲೂ ನೋಯುತ್ತದೆ. ಚೌತಿಗೂ ರಜೆ ಇಲ್ಲ. ಸಂಬಳ ಕಡಿಮೆ, ಅದು ಗೊತ್ತಿದ್ದೇ ಸೇರಿದ್ದೆ. ಸಿಟ್ಟು ಬಂದದ್ದು ಟಿಪ್ಸ್ ವಿಷಯಕ್ಕೆ. ಗಿರಾಕಿಗಳು ಸ್ಕ್ಯಾನ್ ಮಾಡಿ ಹಾಕಿದ ಟಿಪ್ಸ್ ನೇರ ಶಾಪಿನ ಖಾತೆಗೆ ಹೋಗುತ್ತಿತ್ತು, ನಮಗೆ ಒಂದು ರೂಪಾಯಿ ಬರಲಿಲ್ಲ. ನಾನು ಬರುತ್ತಿದ್ದದ್ದು ಕಾಳಿ ನದಿಯ ಆಚೆ ದಡದ ಸದಾಶಿವಗಡದಿಂದ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ದಿನ ಬಿಟ್ಟರೆ ಒಮ್ಮೆಯೂ ತಡವಾಗಿಲ್ಲ. ಆ ದಿನದ್ದೂ ಅರ್ಧ ಸಂಬಳ ಕತ್ತರಿಸಿದರು. ಹೊಳೆ ಹಾರಿ ಬರಬೇಕಿತ್ತೇನೋ!

ಸೇರುವ ಯೋಚನೆ ಇದ್ದರೆ ಮೊದಲೇ ಎರಡು ಮಾತು ಕೇಳಿಕೊಳ್ಳಿ. ಟಿಪ್ಸ್ ಯಾರಿಗೆ? ಗ್ರೈಂಡರ್ ಮುಟ್ಟಲು ನಿಮಗೆ ಬಿಡುತ್ತಾರಾ? ಎರಡನೆಯದಕ್ಕೆ ಇಲ್ಲ ಅಂದರೆ ಹೋಗಲೇಬೇಡಿ. ಅದು ಬಟನ್ ಒತ್ತುವ ಕೆಲಸ, ಮಣಿಕಟ್ಟು ಮಾತ್ರ ಅಷ್ಟೇ ನೋಯುತ್ತದೆ.