ಯೂತ್ ಗ್ರೂಪ್ ಜೊತೆ ರಾಕ್ ಕ್ಲೈಂಬಿಂಗ್ ಕ್ಯಾಂಪ್: ಬಂಡೆ ಹತ್ರ ಫುಲ್ ಮಾರ್ಕ್ಸ್, ಟೆಂಟ್ ಹತ್ರ ಅರ್ಧ

ಚರ್ಚ್ ಯೂತ್ ಗ್ರೂಪ್ ಮಕ್ಕಳನ್ನ ಕರ್ಕೊಂಡು ಬಂಡೆ ಹತ್ತಿಸೋದು, ರಾತ್ರಿ ಟೆಂಟಲ್ಲಿ ಮಲಗಿಸೋದು, ಎರಡೂ ಸೇರಿಸಿ ಮಾಡಿಕೊಡೋ ಒಂದು ಟೀಮ್ ಜೊತೆ ನಾವು ಹೋಗಿ ಬಂದ್ವಿ. ಮಕ್ಕಳ ಜವಾಬ್ದಾರಿ ಹೊತ್ತಿರೋ ಬೇರೆ ಲೀಡರ್ಸ್‌ಗೆ ಉಪಯೋಗ ಆಗ್ಲಿ ಅಂತ ಬರೀತಿದೀನಿ. ಕ್ಲೈಂಬಿಂಗ್ ಭಾಗ ನಿಜವಾಗ್ಲೂ ಚೆನ್ನಾಗಿತ್ತು, ಕಣ್ಣು ಮುಚ್ಕೊಂಡು ರೆಕಮೆಂಡ್ ಮಾಡ್ತೀನಿ. ಕ್ಯಾಂಪಿಂಗ್ ಭಾಗದಲ್ಲಿ ಮಾತ್ರ ಅವರು ತಿದ್ಕೋಬೇಕಾದ್ದು ಸುಮಾರಿದೆ, ಅದನ್ನೂ ಮುಚ್ಚಿಡಲ್ಲ.

ಬುಕ್ ಮಾಡಿದ ಕೂಡ್ಲೇ ಅವರು ಕಳಿಸಿದ್ದು ಮೆಡಿಕಲ್ ಫಾರ್ಮು. ಯಾರಿಗೆ ಆಸ್ತಮಾ ಇದೆ, ಯಾರಿಗೆ ಜೇನುಹುಳ ಕಚ್ಚಿದ್ರೆ ಅಲರ್ಜಿ ಆಗತ್ತೆ, ಯಾರು ದಿನಾ ಮಾತ್ರೆ ತಗೋತಾರೆ, ಹಿಂದೆ ಭುಜ ಗಿಜ ಜಾರಿದ್ಯಾ, ಎಲ್ಲಾ ಬರೀಬೇಕು, ಅಪ್ಪ ಅಮ್ಮನ ಸೈನ್ ಬೇಕು. ಆಮೇಲೆ ಫೋನ್ ಮಾಡಿ, ಇನ್ಹೇಲರ್ ಬ್ಯಾಗಲ್ಲಿ ಬಿಟ್ಟು ಬರಬಾರ್ದು ಬಂಡೆ ಬುಡಕ್ಕೆ ತರಬೇಕು ಅಂತ ಹೇಳಿದ್ರು. ಹುಡುಗಿಯರ ಜೊತೆ ಎಷ್ಟು ಜನ ಅಕ್ಕಂದಿರು ಬರ್ತಾರೆ ಅಂತ ಅವರೇ ಕೇಳಿದ್ದು ನಂಗೆ ತುಂಬಾ ಇಷ್ಟ ಆಯ್ತು. ನಮ್ಮ ಸಭೇಲಿ ಒಂದು ಗಟ್ಟಿ ನಿಯಮ ಇದೆ, ದೊಡ್ಡವರು ಯಾರೂ ಒಂದು ಮಗು ಜೊತೆ ಒಂಟಿಯಾಗಿ, ಬೇರೆಯವರ ಕಣ್ಣಿಗೆ ಬೀಳದ ಜಾಗದಲ್ಲಿ ಇರಬಾರ್ದು, ಪಾಸ್ಟರ್‌ಗೂ ಅದೇ ರೂಲ್ಸು. ಅದನ್ನ ಹೇಳಿದಾಗ ಅವರು ಒಂಚೂರೂ ಬೇಜಾರು ಮಾಡ್ಕೊಳ್ದೆ ನಮಗೂ ಅದೇ ಸರಿ ಅಂದ್ರು, ಹಾಗೇ ನಡ್ಕೊಂಡ್ರು. ಇದಕ್ಕೆ ತಕರಾರು ತೆಗೆಯೋ ಟೀಮ್ ಸಿಕ್ರೆ ಅವತ್ತೇ ಕ್ಯಾನ್ಸಲ್ ಮಾಡಿ.

ಸಾಮಾನಿನ ವಿಷಯಕ್ಕೆ ಬರ್ತೀನಿ. ಬಂಡೆ ಹತ್ರ ಹೋದ್ಮೇಲೆ ಎಲ್ಲಾ ಟಾರ್ಪಾಲ್ ಮೇಲೆ ಹರಡಿದ್ರು, ನೀವೇ ನೋಡಿ ಅಂದ್ರು. ಹಾರ್ನೆಸ್ (ಹಗ್ಗ ಕಟ್ಟೋಕೆ ಮೈಗೆ ಹಾಕ್ಕೊಳ್ಳೋ ಬೆಲ್ಟು) ಒಳಗಡೆ ಹೊಲಿದಿರೋ ಲೇಬಲ್ ಮೇಲೆ ತಯಾರಾದ ವರ್ಷ ಓದೋಕೆ ಆಗೋ ಹಾಗಿತ್ತು. ನೈಲಾನ್ ಬಿಸಿಲಿಗೆ, ಬೆವರಿಗೆ ಸವೆಯತ್ತೆ, ಬಳಸದೆ ಇಟ್ರೂ ವಯಸ್ಸಾಗತ್ತೆ, ಅದಕ್ಕೇ ತುಂಬಾ ಕಂಪನಿಗಳು ಸುಮ್ನೆ ಇಟ್ಟಿದ್ರೂ 10 ವರ್ಷ ಆದ್ಮೇಲೆ ಬಳಸಬೇಡಿ ಅಂತಾವೆ. ಹೆಲ್ಮೆಟ್ ಮೇಲೆ ಸಿಇ (ಯುರೋಪಿನದ್ದು) ಮತ್ತೆ ಯುಐಎಎ (ಅಂತಾರಾಷ್ಟ್ರೀಯ ಪರ್ವತಾರೋಹಣ ಒಕ್ಕೂಟದ್ದು) ಸುರಕ್ಷತಾ ಮಾರ್ಕ್ ಇತ್ತು. ಒಬ್ಬ ಹುಡುಗ ಕ್ಯಾರಬೀನರ್ (ಹಗ್ಗ ಸಿಕ್ಕಿಸೋ ಲೋಹದ ಕೊಂಡಿ) ಮೇಲೆ ಕೆತ್ತಿರೋ ನಂಬರ್ ನೋಡಿ ಇದೇನಣ್ಣ ಅಂದ, ಆ ಇನ್‌ಸ್ಟ್ರಕ್ಟರ್ ಅಲ್ಲೇ ಕೂತು ಹೇಳಿಕೊಟ್ರು. 24 ಕಿಲೋನ್ಯೂಟನ್ ಅಂದ್ರೆ ಉದ್ದಕ್ಕೆ ಎಳೆದಾಗ ಹೆಚ್ಚೂಕಮ್ಮಿ 2400 ಕಿಲೋ ಭಾರ ತಡೆಯತ್ತೆ, ಆದ್ರೆ ಗೇಟ್, ಅಂದ್ರೆ ಕೊಂಡಿಯ ಬಾಗಿಲು, ತೆರೆದಿದ್ರೆ ಅಥವಾ ಅಡ್ಡಕ್ಕೆ ತಿರುಗಿದ್ರೆ ಮೂರನೇ ಒಂದು ಭಾಗದಷ್ಟೂ ತಡೆಯಲ್ಲ ಅನ್ಕೊಳ್ಳಿ, ಪಕ್ಕದಲ್ಲೇ ಬರೆದಿದೆ ನೋಡು 7 ಅಂತ, ಅದಕ್ಕೇ ಲಾಕ್ ತಿರುಗಿಸಿ ಮುಚ್ಚೋದು. ಅದಾದ್ಮೇಲೆ ಯಾರಿಗೂ ಲಾಕ್ ಹಾಕು ಅಂತ ಎರಡನೇ ಸಲ ಹೇಳೋ ಪ್ರಮೇಯ ಬರ್ಲಿಲ್ಲ. ಕಾರಣ ಗೊತ್ತಾದ್ರೆ ಮಕ್ಕಳು ಮರೆಯಲ್ಲ.

ಹತ್ತಿಸಿದ್ದು ಟಾಪ್ ರೋಪ್ ಮೇಲೆ, ಅಂದ್ರೆ ಹಗ್ಗ ಮೊದ್ಲೇ ಮೇಲಿನ ಆಂಕರ್ (ಹಗ್ಗಕ್ಕೆ ಆಧಾರವಾಗಿ ಬಂಡೆಗೆ ಬಿಗಿದಿರೋದು) ಮೂಲಕ ಹೋಗಿ ವಾಪಸ್ ಕೆಳಗೆ ಬಿದ್ದಿರತ್ತೆ, ಹೊಸಬರಿಗೆ ಇದೇ ಸರಿ, ಕೈ ಬಿಟ್ರೆ ಒಂಚೂರು ಜಾರಿ ಅಲ್ಲೇ ನೇತಾಡ್ತಾರೆ ಅಷ್ಟೇ. ದೊಡ್ಡ ಮಕ್ಕಳನ್ನ ಸೇಫ್ಟಿ ಹಗ್ಗಕ್ಕೆ ಕಟ್ಟಿ ಮೇಲೆ ಕರ್ಕೊಂಡು ಹೋಗಿ ಆಂಕರನ್ನೇ ತೋರಿಸಿದ್ರು. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಪಾಯಿಂಟ್, ಒಂದು ಕಿತ್ಕೊಂಡು ಬಂದ್ರೂ ಇನ್ನೊಂದು ಹಿಡಿಯತ್ತೆ. ಆ ಪಾಯಿಂಟ್‌ಗಳಿಂದ ಬರೋ ಎರಡು ಸ್ಲಿಂಗ್ (ಗಟ್ಟಿ ಪಟ್ಟಿ) ನಡುವಿನ ಕೋನ 60 ಡಿಗ್ರಿ ಒಳಗೆ ಇರಬೇಕು, ಅಗಲ ಆಗ್ತಾ ಹೋದ್ರೆ ಒಂದೊಂದರ ಮೇಲೂ ಭಾರ ಜಾಸ್ತಿ ಆಗತ್ತೆ, 120 ಡಿಗ್ರಿ ಆದ್ರೆ ಹಂಚಿಕೊಂಡು ಪ್ರಯೋಜನವೇ ಇಲ್ಲ, ಎರಡಕ್ಕೂ ಪೂರ್ತಿ ಭಾರ. ಶಾಲೇಲಿ ಫಿಸಿಕ್ಸ್ ಅಂದ್ರೆ ಮುಖ ಸಿಂಡರಿಸೋ ನಮ್ಮ ಹುಡುಗರು ಅಲ್ಲಿ ಬೆರಳಲ್ಲಿ ಕೋನ ಮಾಡಿ ಒಬ್ಬರಿಗೊಬ್ಬರು ವಿವರಿಸ್ತಿದ್ರು! ಇನ್ನೊಂದು ವಿಷಯ, ಡೈನಾಮಿಕ್ ಹಗ್ಗ ಎಳೆದ್ರೆ ಹಿಗ್ಗತ್ತೆ, ಮೊದಲ ಕೆಲವು ಅಡಿ ಹತ್ತುವಾಗ ಹಗ್ಗ ಬಿಗಿಯಾಗಿ ಇಲ್ದಿದ್ರೆ ಜಾರಿದವರು ನೆಲಕ್ಕೇ ಬರ್ತಾರೆ. ಹೀಗಾಗಿ ಶುರುವಿನಲ್ಲಿ ಬಿಲೇ ಮಾಡೋರ, ಅಂದ್ರೆ ಹತ್ತೋರ ಹಗ್ಗವನ್ನ ಕೆಳಗೆ ಹಿಡಿದು ಕಾಯೋರ, ಪಕ್ಕದಲ್ಲಿ ಯಾವಾಗ್ಲೂ ಒಬ್ಬ ಇನ್‌ಸ್ಟ್ರಕ್ಟರ್ ನಿಂತಿರ್ತಿದ್ರು.

ಹತ್ತೋಕೆ ಮುಂಚೆ ಪ್ರತಿಯೊಬ್ಬರಿಗೂ ಪಾರ್ಟ್ನರ್ ಚೆಕ್. ಬಕಲ್ ಮುಟ್ಟಿ ನೋಡು, ಹಾರ್ನೆಸ್‌ಗೆ ಹಗ್ಗ ಕಟ್ಟೋ ಫಿಗರ್ ಎಯ್ಟ್ (8ರ ಆಕಾರದ) ಗಂಟಲ್ಲಿ ಎಳೆಗಳು ಜೋಡಿ ಜೋಡಿಯಾಗಿ ಸಮಾ ಹೋಗಿವೆಯಾ ಬೆರಳಲ್ಲಿ ಎಣಿಸು, ಬಿಲೇ ಡಿವೈಸ್‌ಗೆ (ಹಗ್ಗ ತಡೆಯೋ ಸಾಧನ) ಹಗ್ಗ ಸರಿಯಾಗಿ ಹೋಗಿದೆಯಾ, ಲಾಕ್ ಹಿಂಡಿ ನೋಡು. ಕೂದಲು ಬಿಟ್ಕೊಂಡು ಬಂದಿದ್ದ ಹುಡುಗಿಯರಿಗೆ ಜಡೆ ಹಾಕಿಸಿ ಟೀ ಶರ್ಟ್ ಒಳಗೆ ಸೇರಿಸಿದ್ರು, ಬಿಲೇ ಡಿವೈಸ್ ಒಳಗೆ ಕೂದಲು ಸಿಕ್ಕಿದ್ರೆ ಹಗ್ಗ ಬಿಡೋಕೂ ಆಗಲ್ಲ ಹಿಂದಕ್ಕೆ ಎಳೆಯೋಕೂ ಆಗಲ್ಲ. ಉಂಗುರ ಬಿಚ್ಚಿಸಿದ್ರು, ಬಂಡೆ ಬಿರುಕಲ್ಲಿ ಉಂಗುರ ಸಿಕ್ಕಿ ಮೈಭಾರ ಬಿದ್ರೆ ಬೆರಳಿನ ಚರ್ಮ ಕಿತ್ತು ಬರತ್ತೆ. ಆಮೇಲೆ ಕುತ್ತಿಗೆಲಿರೋ ಶಿಲುಬೆ ಸರ. ನಮ್ಮಲ್ಲಿ ಒಬ್ಬ ಹುಡುಗ, ಅಜ್ಜಿ ಕೊಟ್ಟಿದ್ದು, ಯಾವತ್ತೂ ಬಿಚ್ಚಿಲ್ಲ, ಬಿಚ್ಚಲ್ಲ ಅಂತ ನಿಂತ್ಬಿಟ್ಟ. ಇನ್‌ಸ್ಟ್ರಕ್ಟರ್ ನಮ್ಮ ಧರ್ಮದವರಲ್ಲ, ಆದ್ರೂ ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಅಂದ್ರೆ, ಒಂದು ಜಿಪ್ ಇರೋ ಚಿಕ್ಕ ಚೀಲ ತಂದು, ನಿನ್ ಕೈಯಾರೆ ಇದರೊಳಗೆ ಹಾಕಪ್ಪ, ಜೇಬಲ್ಲೇ ಇಟ್ಕೋ, ನಿನ್ ಜೊತೆನೇ ಮೇಲೆ ಬರತ್ತೆ, ಕುತ್ತಿಗೆಗೆ ಮಾತ್ರ ಬೇಡ ಅಂದ್ರು. ಹುಡುಗ ಒಪ್ಕೊಂಡ.

ಈಗ ನಾನು ಈ ಟೀಮನ್ನ ಇಷ್ಟು ಹೊಗಳೋಕೆ ಮುಖ್ಯ ಕಾರಣ ಹೇಳ್ತೀನಿ. ಹದಿಮೂರು ವರ್ಷದ ಹುಡುಗಿ ಒಬ್ಬಳು ಅರ್ಧ ಹತ್ತಿ ನಿಂತ್ಲು. ಕಾಲು ಗಡಗಡ ನಡುಗ್ತಿತ್ತು, ಬಂಡೆಗೆ ಕೆನ್ನೆ ಒತ್ತಿಕೊಂಡು ಅಲ್ಲಾಡದೆ ನಿಂತಿದ್ಲು. ಕೆಳಗಿಂದ ನಮ್ಮ ಮಕ್ಕಳೆಲ್ಲ ಪ್ರೀತಿಯಿಂದಲೇ, ಆಗತ್ತೆ ಕಣೇ, ಇನ್ನೊಂದೇ ಹೆಜ್ಜೆ, ಹತ್ತು ಹತ್ತು ಅಂತ ಕೂಗೋಕೆ ಶುರು ಮಾಡಿದ್ರು. ಇನ್‌ಸ್ಟ್ರಕ್ಟರ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ್ರು. ಬಂಡೆ ಮೇಲೆ ಇರೋರದ್ದು, ಹಗ್ಗ ಹಿಡಿದಿರೋರದ್ದು, ಎರಡೇ ಧ್ವನಿ ಕೇಳಿಸಬೇಕು ಅಂದ್ರು. ಆಮೇಲೆ ಅವಳಿಗೆ, ಹಗ್ಗ ಬಿಗಿ ಇದೆಯಮ್ಮ, ಉಸಿರು ಬಿಡು, ಹತ್ತಬೇಕಾ ಇಳಿಬೇಕಾ, ಎರಡೂ ಓಕೆ, ನೀನೇ ಹೇಳು ಅಂದ್ರು. ಇಳಿಸಿ ಅಂದ್ಲು. ಒಂದು ಮಾತೂ ಎದುರಾಡದೆ ಇಳಿಸಿದ್ರು. ಕೆಳಗೆ ಬಂದ್ಮೇಲೆ ಯಾಕೆ ಏನು ಅಂತ ಕೇಳದೆ ಹೆಲ್ಮೆಟ್ ಸರಿ ಮಾಡಿ, ಬ್ಯಾಕಪ್ ಬಿಲೇಗೆ ಒಬ್ರು ಬೇಕು ಬರ್ತೀಯಾ ಅಂತ ಕೇಳಿದ್ರು. ಬಿಲೇ ಮಾಡೋರ ಹಿಂದೆ ನಿಂತು ಹಗ್ಗದ ಬ್ರೇಕ್ ತುದಿ (ಬಿಗಿ ಹಿಡಿದ್ರೆ ಹಗ್ಗ ನಿಲ್ಲೋ ಕಡೆ) ಹಿಡಿಯೋ ಕೆಲಸ, ಮುಂದಿನವರ ಕೈ ಜಾರಿದ್ರೂ ಇವರು ಹಿಡಿದಿರ್ತಾರೆ. ಅವಳು ಮಧ್ಯಾಹ್ನ ಪೂರ್ತಿ ಅಲ್ಲೇ ನಿಂತು ಬೇರೆ ಮಕ್ಕಳ ಹಗ್ಗ ಹಿಡಿದ್ಲು, ಆಮೇಲೆ ಹತ್ತಲೇ ಇಲ್ಲ, ಯಾರೂ ಹತ್ತು ಅನ್ನಲೂ ಇಲ್ಲ, ಕ್ಯಾಂಪಿಗೆ ವಾಪಸ್ ನಡೆಯುವಾಗ ದಾರಿಯುದ್ದಕ್ಕೂ ಬ್ರೇಕ್ ಹ್ಯಾಂಡ್ (ಆ ತುದಿ ಹಿಡಿಯೋ ಕೈ) ಬಗ್ಗೆನೇ ಮಾತು.

ಚರ್ಚ್ ಗುಂಪುಗಳಿಗೆ ಇದು ಯಾಕೆ ಮುಖ್ಯ ಅಂದ್ರೆ ನಮ್ಮಲ್ಲಿ ಒಂದು ಅಭ್ಯಾಸ ಇದೆ, ವಿಶ್ವಾಸ ಇದ್ರೆ ಭಯ ಯಾಕೆ ಅಂತ ಬಂಡೆ ಮೇಲಿರೋ ಮಗುಗೆ ಹೇಳೋದು. ದಯವಿಟ್ಟು ಬೇಡ. ಎತ್ತರಕ್ಕೆ ಹೆದರೋದು ದೇಹದ ಕೆಲಸ, ಅದು ವಿಶ್ವಾಸ ಕಮ್ಮಿ ಅನ್ನೋದಕ್ಕೆ ಸಾಕ್ಷಿ ಅಲ್ಲ, ಅಲ್ಲಿ ಅವಮಾನ ಆದ ಮಗು ಯೂತ್ ಮೀಟಿಂಗ್‌ಗೂ ಬರೋದು ನಿಲ್ಲಿಸ್ಬಹುದು. ರಾತ್ರಿ ಆರಾಧನೆಗೆ ಕೀರ್ತನೆ 18 ಓದಿದ್ವಿ, ದೇವರನ್ನ ಬಂಡೆ ಅಂತ ಕರೆಯೋ ಭಾಗ, ದಿನವಿಡೀ ಬಂಡೆ ಮುಟ್ಟಿ ಅಂಗೈ ಕೆಂಪಾಗಿದ್ದ ಮಕ್ಕಳಿಗೆ ಅದನ್ನ ವಿವರಿಸೋ ಅಗತ್ಯವೇ ಬರ್ಲಿಲ್ಲ. ಪ್ರಾರ್ಥನೆ, ಹಾಡು ಮುಗಿಯೋ ತನಕ ಟೀಮ್‌ನವರು ತಾವಾಗೇ ದೂರ ಕೂತಿದ್ರು, ಟೈಮ್ ಆಯ್ತು ಅಂತ ಅವಸರ ಮಾಡ್ಲಿಲ್ಲ.

ಕ್ಯಾಂಪ್ ವಿಷಯದಲ್ಲಿ ನಂಗೆ ಸಮಾಧಾನ ಇಲ್ಲ. ಟೆಂಟ್ ಹಾಕಿಸಿದ ಜಾಗ ನೋಡೋಕೆ ಸಮತಟ್ಟು, ಗಾಳಿ ಕಮ್ಮಿ, ಆದ್ರೆ ಸುತ್ತಲಿಗಿಂತ ತಗ್ಗು. ರಾತ್ರಿ ಮಳೆ ಹೊಯ್ದಾಗ ನೀರೆಲ್ಲ ಅಲ್ಲಿಗೇ ಇಳೀತು, ಹುಡುಗರ ಎರಡು ಟೆಂಟ್ ಅಡಿಗೆ ನೀರು ನಿಂತು ಸ್ಲೀಪಿಂಗ್ ಬ್ಯಾಗ್ ತೊಯ್ದವು, ಕತ್ತಲಲ್ಲೇ ಎಬ್ಬಿಸಿ ಬೇರೆ ಟೆಂಟ್‌ಗೆ ತುಂಬಬೇಕಾಯ್ತು. ಬಂಡೆ ಹತ್ರ ಅಷ್ಟು ಜಾಗ್ರತೆ ಇರೋರು ಇಲ್ಲಿ ಯಾಕೆ ಇಷ್ಟು ಸಡಿಲ ಬಿಟ್ರೋ ಅರ್ಥ ಆಗ್ಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಸ್ಟವ್ ವಿಷಯದ್ದು. ಮಳೆ ಬಂತು ಅಂತ ಇಬ್ಬರು ಹುಡುಗರು ಸ್ಟವ್ ಟೆಂಟ್ ಒಳಗೆ ತಗೊಂಡು ಹೋಗ್ತಿದ್ರು, ಬಾಗಿಲಲ್ಲೇ ನಮ್ಮ ಅಕ್ಕ ಒಬ್ರು ತಡೆದ್ರು. ಮುಚ್ಚಿದ ಟೆಂಟಲ್ಲಿ ಸ್ಟವ್ ಉರಿದ್ರೆ ಕಾರ್ಬನ್ ಮಾನಾಕ್ಸೈಡ್ ತುಂಬತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆ ಬಂದ ಹಾಗಾಗಿ ಪ್ರಾಣಾನೇ ಹೋಗತ್ತೆ, ಬೆಂಕಿ ಹತ್ತೋ ಅಪಾಯ ಬೇರೆ. ಇದನ್ನ ಸಾಯಂಕಾಲವೇ ಎಲ್ಲರನ್ನೂ ಕೂರಿಸಿ ಹೇಳಬೇಕಿತ್ತು, ಹೇಳಿರ್ಲಿಲ್ಲ. ಬೆಳಿಗ್ಗೆ ಅವರ ಮುಖ್ಯಸ್ಥರ ಹತ್ರ ನೇರವಾಗೇ ಮಾತಾಡ್ದೆ, ಒಪ್ಕೊಂಡ್ರು, ಬ್ರೀಫಿಂಗ್‌ಗೆ ಸೇರಿಸ್ತೀವಿ ಅಂದ್ರು.

ಟಾಯ್ಲೆಟ್ ಬಗ್ಗೆ ಯಾರೂ ರಿವ್ಯೂನಲ್ಲಿ ಬರೆಯಲ್ಲ, ಆದ್ರೆ ಹುಡುಗಿಯರು ಇಂಥ ಟ್ರಿಪ್ ಬೇಡ ಅನ್ನೋಕೆ ಎಷ್ಟೋ ಸಲ ಅದೇ ಕಾರಣ. ನೀರಿನಿಂದ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚೋದು, ಪ್ಯಾಡ್ ಮಾತ್ರ ಹೂಳದೆ ಚೀಲದಲ್ಲಿ ವಾಪಸ್ ತರೋದು, ಇಷ್ಟನ್ನ ಲೇಡಿ ಇನ್‌ಸ್ಟ್ರಕ್ಟರ್ ಹುಡುಗಿಯರನ್ನ ಪಕ್ಕಕ್ಕೆ ಕರೆದು ಸಂಕೋಚ ಪಡದೆ ಸ್ಪಷ್ಟವಾಗಿ ಹೇಳಿಕೊಟ್ರು, ಅವರಿಗೆ ನನ್ನ ವಿಶೇಷ ಥ್ಯಾಂಕ್ಸ್. ಆದ್ರೆ ಅಷ್ಟು ಜನಕ್ಕೆ ಗುಂಡಿ ತೋಡೋ ಸಲಿಕೆ ಒಂದೇ ತಂದಿದ್ರು, ಮರೆಗೆ ಪರದೆ ಇರ್ಲಿಲ್ಲ, ನಮ್ಮ ಬೆಡ್‌ಶೀಟೇ ಕಟ್ಟಿದ್ವಿ.

ಹಗ್ಗದ ಲೆಕ್ಕಕ್ಕೆ ಮಕ್ಕಳು ಸ್ವಲ್ಪ ಜಾಸ್ತಿನೇ ಇದ್ರು ಅನ್ಸತ್ತೆ, ಸರದಿ ಕಾಯೋದ್ರಲ್ಲಿ ಚಿಕ್ಕವರಿಗೆ ಬೋರ್ ಆಯ್ತು. ಆದ್ರೆ ಕಾಯೋರಿಗೂ ಹೆಲ್ಮೆಟ್ ತೆಗೆಯೋಕೆ ಬಿಡ್ಲಿಲ್ಲ, ಬಂಡೆ ಬುಡದಿಂದ ದೂರ ಹಗ್ಗ ಹಾಸಿ ಗೆರೆ ಮಾಡಿದ್ರು, ಮೇಲಿಂದ ಏನಾದ್ರೂ ಉರುಳಿದ್ರೆ ಕಲ್ಲು ಅಂತ ಜೋರಾಗಿ ಕೂಗಬೇಕು, ಕೇಳಿಸಿದೋರು ತಲೆ ಎತ್ತಿ ನೋಡಬಾರ್ದು, ಬುಡದಲ್ಲಿರೋರು ಬಂಡೆಗೆ ಅಂಟಿ ನಿಲ್ಲಬೇಕು, ಅದನ್ನ ಮೂರು ನಾಲ್ಕು ಸಲ ಪ್ರಾಕ್ಟೀಸ್ ಮಾಡಿಸಿದ್ರು.

ನೀವು ಇಂಥ ಟ್ರಿಪ್ ಬುಕ್ ಮಾಡೋದಾದ್ರೆ ಮಕ್ಕಳ ವಯಸ್ಸಿನ ಜೊತೆ ಅಂದಾಜು ತೂಕಾನೂ ಮೊದ್ಲೇ ಕೊಡಿ. ತೀರಾ ಸಣ್ಣ ಮಕ್ಕಳಿಗೆ ಸೊಂಟದ ಹಾರ್ನೆಸ್ ನಿಲ್ಲಲ್ಲ, ತಲೆಕೆಳಗಾದ್ರೆ ಜಾರಿ ಬರತ್ತೆ, ಅವರಿಗೆ ಭುಜದ ತನಕ ಬರೋ ಫುಲ್ ಬಾಡಿ ಹಾರ್ನೆಸ್ ಬೇಕು, ಅದು ಎಲ್ಲರ ಹತ್ರ ರೆಡಿ ಇರಲ್ಲ. ಒಂದು ಹಗ್ಗಕ್ಕೆ ಎಷ್ಟು ಮಕ್ಕಳು ಅಂತ ಕೇಳಿ, ಟೆಂಟ್ ಜಾಗದ ಫೋಟೋ ಮೊದ್ಲೇ ಕಳಿಸೋಕೆ ಹೇಳಿ. ನಾವು ಮತ್ತೆ ಇದೇ ಟೀಮ್ ಜೊತೆ ಹೋಗ್ತೀವಿ, ಟೆಂಟ್ ಎಲ್ಲಿ ಹಾಕಬೇಕು ಅನ್ನೋದನ್ನ ಮಾತ್ರ ನಮ್ಮ ಲೀಡರ್ಸೇ ನಡೆದು ನೋಡಿ ತೀರ್ಮಾನ ಮಾಡ್ತಾರೆ.